ಹುವೆ ನಗರಕ್ಕೆ ಒಂದು ಹಗಲು ಸಾಲದು, ಎರಡು ರಾತ್ರಿ ಇಟ್ಟುಕೊಳ್ಳಿ

ನಮಸ್ಕಾರ. ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ತಂಗಿದ್ದುಕೊಂಡು ಒಂದೇ ಹಗಲಿನಲ್ಲಿ ಹುವೆಗೆ ಹೋಗಿಬರಬಹುದೇ, ಯುದ್ಧದ ನಂತರ ಅಲ್ಲಿ ನೋಡಲು ಏನಾದರೂ ಉಳಿದಿದೆಯೇ, ಸಸ್ಯಾಹಾರಿಯಾದ ನಿಮ್ಮ ಅತ್ತೆಯವರಿಗೆ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ದೂರ ಸುಮಾರು 100 ಕಿ.ಮೀ. ಮಾತ್ರವಾದ್ದರಿಂದ ಹೋಗಿಬರುವುದೇನೋ ಸಾಧ್ಯ, ಆದರೆ ಅರಮನೆಯ ಬಯಲನ್ನು ನಡುಹಗಲಿನ ಬಿಸಿಲಿನಲ್ಲಿ ಸುತ್ತಬೇಕಾಗುತ್ತದೆ. ನಾವು ಹಾಗೆ ಮಾಡಿ ಸೋತೆವು. ರೈಲಿನಲ್ಲಿ ಹೋಗುವುದಾದರೆ ಬಲಬದಿಯ ಕಿಟಕಿ ಹಿಡಿಯಿರಿ. ಹಾಯ್ ವಾನ್ ಘಟ್ಟದ ಬುಡದಲ್ಲಿ ಹಳಿ ಕಡಲಂಚಿನಲ್ಲೇ ಸಾಗುತ್ತದೆ.

1802ರಿಂದ 1945ರವರೆಗೆ ಹುವೆ ನುಯೆನ್ ವಂಶದ ರಾಜಧಾನಿಯಾಗಿತ್ತು. ಸುಮಾರು 10 ಕಿ.ಮೀ. ಸುತ್ತಳತೆಯ ಕೋಟೆ, ಅದರೊಳಗೆ ಅರಮನೆಯ ಆವರಣ, ಅದರೊಳಗೆ ದೊರೆಯ ಮನೆತನಕ್ಕೆ ಮೀಸಲಾದ ಒಳಕೋಟೆ ಇವೆ. ಫ್ರೆಂಚರೊಡನೆ ನಡೆದ ಕಾಳಗದಲ್ಲಿ 1947ರಲ್ಲಿ ಒಳಕೋಟೆಯ ಬಹುಭಾಗ ಸುಟ್ಟುಹೋಯಿತು. 1968ರ ಚಾಂದ್ರಮಾನ ಹೊಸವರ್ಷದ ಹಬ್ಬದಲ್ಲಿ ಕಮ್ಯುನಿಸ್ಟ್ ಪಡೆಗಳು ನಗರವನ್ನು ಹಿಡಿದ ಮೇಲೆ, ಅಮೆರಿಕ ಮತ್ತು ದಕ್ಷಿಣ ವಿಯೆಟ್ನಾಮಿನ ಸೇನೆಗಳು ಬೀದಿಬೀದಿಯಲ್ಲೂ ಹೋರಾಡಿ ಅದನ್ನು ಮರಳಿ ಪಡೆಯಲು ಸುಮಾರು ಒಂದು ತಿಂಗಳು ಹಿಡಿಯಿತು. ಸಾವಿರಾರು ನಾಗರಿಕರು ಸತ್ತರು. ಅವರಲ್ಲಿ ಅನೇಕರು ಬಾಂಬಿಗೂ ಫಿರಂಗಿಗೂ ಬಲಿಯಾದರೆ, ನಗರವನ್ನು ಹಿಡಿದವರೇ ಕೊಂದು ಹೂತವರೂ ಬಹಳ ಮಂದಿ. ಹೀಗಾಗಿ ಒಳಕೋಟೆಯಲ್ಲಿ ನೀವು ಕಾಣುವ ಹುಲ್ಲುಬಯಲು ಉದ್ಯಾನವಲ್ಲ, ಇಲ್ಲವಾದ ಕಟ್ಟಡಗಳ ತಳಪಾಯ. ಮೈಸೂರಿನಂತಹ ಅರಮನೆಯನ್ನು ನಿರೀಕ್ಷಿಸಿ ಹೋದವರೇ ‘ಏನೂ ಉಳಿದಿಲ್ಲ’ ಎನ್ನುವುದು. ಹಂಪಿ ನೋಡಿದ ಕಣ್ಣಿಗೆ ಅದು ಬರಿದೆನಿಸುವುದಿಲ್ಲ.

ಪುನರ್ನಿರ್ಮಿಸಿ 2024ರಲ್ಲಿ ತೆರೆದ ಕಿಯೆನ್ ಚುಂಗ್ ಅರಮನೆ ಥಳಥಳಿಸುತ್ತದೆ, ಜನರೂ ಅಲ್ಲಿಯೇ ಮುತ್ತಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೈರುತ್ಯ ಮೂಲೆಯಲ್ಲಿರುವ ತೇ ಮಿಯೆವು ಎಂಬ ದೊರೆಗಳ ಗುಡಿಯ ಅಂಗಳಕ್ಕೆ ನಡೆದುಬಿಡಿ. 1835ರಿಂದ 1837ರ ಅವಧಿಯಲ್ಲಿ ಎರಕ ಹೊಯ್ದ, ಆಳೆತ್ತರ ಮೀರಿದ ಒಂಬತ್ತು ಕಂಚಿನ ಹಂಡೆಗಳು ಅಲ್ಲಿವೆ. ಎಂಟು ಒಂದೇ ಸಾಲಿನಲ್ಲಿವೆ. ವಂಶಸ್ಥಾಪಕ ಜಾ ಲಾಂಗ್ ದೊರೆಯದು ಮಾತ್ರ ಒಂದು ಹೆಜ್ಜೆ ಮುಂದಿದೆ. ಅವುಗಳ ಮೈಮೇಲೆ ನದಿ, ಬೆಟ್ಟ, ಹಡಗು, ಫಿರಂಗಿ, ಭತ್ತ, ನಮ್ಮ ಹಲಸಿನ ಹಣ್ಣು ಎಲ್ಲವೂ ಉಬ್ಬುಚಿತ್ರಗಳಾಗಿವೆ. ಹತ್ತಿರ ನಿಂತು ನೋಡಿ: ಕೆಲವು ಕಡೆ ಗುಂಡು ತಗುಲಿ ಕಂಚು ಕುಳಿಬಿದ್ದಿದೆ.

ಎರಡನೆಯ ದಿನ ಕಾರು ಮಾಡಿಕೊಂಡು ಸಮಾಧಿಗಳಿಗೆ ಹೋಗಿ, ಎರಡು ಸಾಕು. ತು ಡುಕ್ ದೊರೆಯದು ಕೊಳ, ಮಂಟಪ, ಪೈನ್ ಮರಗಳ ನಡುವಿನ ವಿಹಾರಸ್ಥಳ; ಆತ ಬದುಕಿದ್ದಾಗಲೇ ಅಲ್ಲಿಗೆ ಬಂದು ಕಾಲ ಕಳೆಯುತ್ತಿದ್ದ, ಮಕ್ಕಳಿಲ್ಲದ ಕಾರಣ ತನ್ನ ಶಿಲಾಶಾಸನವನ್ನೂ ತಾನೇ ಬರೆದ. ಖಾಯ್ ದಿನ್ ಸಮಾಧಿಯ ಗೋಡೆಗಳ ಮೇಲೆ ಪಿಂಗಾಣಿ ಮತ್ತು ಬಾಟಲಿ ಗಾಜಿನ ಚೂರುಗಳ ಚಿತ್ತಾರವಿದೆ. ಆದರೆ ಮೆಟ್ಟಿಲು ನೂರಕ್ಕೂ ಹೆಚ್ಚು, ಅತ್ತೆಯವರ ಮಂಡಿ ನೋಡಿಕೊಂಡು ನಿರ್ಧರಿಸಿ. ಸಂಜೆ ಹುವಾಂಗ್ ನದಿಯಲ್ಲಿ ದೋಣಿ ಹಿಡಿದರೆ ಥಿಯೆನ್ ಮು ಪಗೋಡಾ ತಲುಪಬಹುದು. 1963ರಲ್ಲಿ ಸೈಗಾನಿನ ಬೀದಿಯಲ್ಲಿ ಆತ್ಮಾಹುತಿ ಮಾಡಿಕೊಂಡ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅವರನ್ನು ಕರೆತಂದ ಆಸ್ಟಿನ್ ಕಾರು ಅಲ್ಲಿದೆ. ಭುಜ ಮತ್ತು ಮಂಡಿ ಮುಚ್ಚುವ ಉಡುಪು ಇರಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ, ನೆರೆ ಹೆಚ್ಚು. ಫೆಬ್ರವರಿಯಿಂದ ಏಪ್ರಿಲ್ ಹಿತ.

ಊಟದ ಚಿಂತೆ ಬೇಡ. ಬೌದ್ಧರ ಊರಾದ್ದರಿಂದ ‘ಚಾಯ್’ ಎಂದು ಫಲಕವಿರುವ ಸಸ್ಯಾಹಾರಿ ಅಂಗಡಿಗಳು ಬೇಕಾದಷ್ಟಿವೆ, ಚಾಂದ್ರಮಾನ ತಿಂಗಳ 1 ಮತ್ತು 15ರಂದು ಊರಿನ ಬಹಳ ಜನ ಮಾಂಸ ಬಿಡುತ್ತಾರೆ. ಮಿಕ್ಕ ಹೋಟೆಲುಗಳಲ್ಲಿ ಮಾತ್ರ ಎಚ್ಚರ ಬೇಕು: ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಸುರಿಯುತ್ತಾರೆ. ‘ಮೀನಿನ ಸಾಸ್ ಬೇಡ, ಸೀಗಡಿ ಬೇಡ’ ಎಂದು ವಸತಿಗೃಹದವರಿಂದ ಅವರ ಭಾಷೆಯಲ್ಲಿ ಚೀಟಿ ಬರೆಸಿಕೊಂಡು ಅತ್ತೆಯವರ ಕೈಚೀಲದಲ್ಲಿಯೇ ಇಟ್ಟಿರಿ.