‘ಅಪ್ಪನ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ’ ಅಂತೀರಲ್ಲ, ಅಮ್ಮನ ಕಡೆ ಕೇಳಿದ್ರಾ?

ಪ್ರಾಸ್ಟೇಟ್ ಕ್ಯಾನ್ಸರ್ ಮತ್ತೆ ವಂಶವಾಹಿ ಬಗ್ಗೆ ಬರೋ ಪ್ರಶ್ನೆಗಳಲ್ಲಿ ಅರ್ಧ ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡ್ತೀನಿ, ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರ: ನನಗೆ 44 ವರ್ಷ. ಅಮ್ಮಂಗೆ 41ರಲ್ಲೇ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದಾರೆ. ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರಲ್ಲಿ ತೀರಿಕೊಂಡ್ರು. ಅಪ್ಪನ ಕಡೆ ಯಾರಿಗೂ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲ. ‘ಅದು ಹೆಂಗಸರ ಕಾಯಿಲೆ, ನಮಗೇನು’ ಅಂತಾನೆ ಅಣ್ಣ. ನಿಶ್ಚಿಂತೆಯಾಗಿ ಇರಬಹುದಾ?

ಉ: ಇರಬೇಡಿ. ನಿಮ್ಮಣ್ಣಂಗೂ ಇದನ್ನ ಓದಿಸಿ.

ನನ್ನ ಹತ್ರ ಬಂದೋರಿಗೆ ಮೊದಲು ಒಂದು ಹಾಳೆ ಕೊಟ್ಟು ಕುಟುಂಬದ ನಕ್ಷೆ ಬರೀರಿ ಅಂತೀನಿ, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕ್ಯಾನ್ಸರ್ ಆದವರನ್ನ ಕಪ್ಪು ಮಾಡಿ ಪಕ್ಕದಲ್ಲಿ ಎಷ್ಟನೇ ವಯಸ್ಸಿಗೆ ಅಂತ ಬರೀಬೇಕು, ಅಷ್ಟೇ. ಹತ್ತರಲ್ಲಿ ಎಂಟು ಜನ ಚೌಕಗಳನ್ನ ನೀಟಾಗಿ ತುಂಬ್ತಾರೆ, ವೃತ್ತಗಳು ಖಾಲಿ. ಕೇಳಿದ್ರೆ ‘ಪ್ರಾಸ್ಟೇಟ್ ಇರೋದು ಗಂಡಸರಿಗೆ ತಾನೇ ಸಾರ್?’ ಪ್ರಾಸ್ಟೇಟ್ ಗಂಡಸರಿಗೇ ಇರೋದು ಸ್ವಾಮಿ, ಜೀನ್ ಇಬ್ಬರಿಗೂ ಇರತ್ತೆ. ಸ್ತನ, ಅಂಡಾಶಯದ ಕ್ಯಾನ್ಸರ್ ಮನೆತನದಲ್ಲಿ ಬರೋಕೆ ಎಷ್ಟೋ ಸಲ ಕಾರಣ ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನೋ ಎರಡು ಜೀನ್‌ಗಳಲ್ಲಿನ ದೋಷ. ಬಿಆರ್‌ಸಿಎ2 ಇರೋದು 13ನೇ ಕ್ರೋಮೋಸೋಮಲ್ಲಿ, ಬಿಆರ್‌ಸಿಎ1 ಇರೋದು 17ರಲ್ಲಿ, ಗಂಡು ಹೆಣ್ಣು ತೀರ್ಮಾನ ಮಾಡೋ ಎಕ್ಸ್ ವೈಗೂ ಇವಕ್ಕೂ ಸಂಬಂಧವೇ ಇಲ್ಲ. ಅಮ್ಮನಲ್ಲಿ ದೋಷ ಇದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್, ಮಗನಾಗ್ಲಿ ಮಗಳಾಗ್ಲಿ.

ಮುರಿದ ಡಿಎನ್‌ಎನ ರಿಪೇರಿ ಮಾಡೋದು ಈ ಜೀನ್‌ಗಳ ಕೆಲಸ. ಎರಡು ಕಾಪಿ ಇರತ್ತೆ, ಒಂದು ಹುಟ್ಟಿನಿಂದಲೇ ಕೆಟ್ಟಿದ್ರೂ ಇನ್ನೊಂದು ನಿಭಾಯಿಸತ್ತೆ, ಯಾವುದೋ ಒಂದು ಕೋಶದಲ್ಲಿ ಆ ಎರಡನೇದೂ ಕೈಕೊಟ್ಟಾಗ ರಿಪೇರಿ ಆಗದೆ ತಪ್ಪುಗಳು ಗುಡ್ಡೆ ಬೀಳ್ತವೆ. ಆ ಕೋಶ ಅಮ್ಮನಲ್ಲಿ ಸ್ತನದ್ದು, ಮಗನಲ್ಲಿ ಪ್ರಾಸ್ಟೇಟಿಂದು ಆಗಬಹುದು. ದೊಡ್ಡದೊಂದು ಅಧ್ಯಯನದ ಲೆಕ್ಕದಲ್ಲಿ ಬಿಆರ್‌ಸಿಎ2 ದೋಷ ಇರೋ 100 ಗಂಡಸರಲ್ಲಿ 75 ವರ್ಷದೊಳಗೆ ಸುಮಾರು 27 ಜನಕ್ಕೆ, 85ರೊಳಗೆ ಸುಮಾರು 60 ಜನಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್ ಬರತ್ತೆ. ಬಂದ್ರೆ ಸುಮ್ಮನೆ ಕೂರೋ ಜಾತಿ ಅಲ್ಲ, ಬೇಗ ಬೆಳೆಯೋ ಜಾತಿ.

‘ಅಪ್ಪನ ಕಡೆ ಇಲ್ಲ’ ಅನ್ನೋ ಧೈರ್ಯಕ್ಕೂ ಅರ್ಥ ಇಲ್ಲ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕ್ಯಾನ್ಸರ್ ಬೇರೆ ಕಡೆ ಹರಡಿದ್ದ 692 ಗಂಡಸರನ್ನ ಪರೀಕ್ಷೆ ಮಾಡಿದ್ರೆ 82 ಜನಕ್ಕೆ ಹುಟ್ಟಿನಿಂದ ಬಂದ ರಿಪೇರಿ ಜೀನ್ ದೋಷ ಸಿಕ್ತು, ಮನೇಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದೋರಿಗೂ ಇಲ್ಲದೋರಿಗೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ.

ಈಗ ಮಾಡಬೇಕಾದ್ದು. ಮೊದಲು ನೀವು ಓಡಿಹೋಗಿ ಜೀನ್ ಟೆಸ್ಟಿಗೆ ರಕ್ತ ಕೊಡಬೇಡಿ, ಮೊದಲು ಅಮ್ಮಂಗೆ ಮಾಡಿಸಿ. ಇದು ಎಷ್ಟು ಹೇಳಿದ್ರೂ ಜನಕ್ಕೆ ತಲೆಗೆ ಹೋಗಲ್ಲ. ಅಮ್ಮನಲ್ಲಿ ಇಂಥ ದೋಷ ಅಂತ ಗೊತ್ತಾದ್ರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದ್ರೆ ಸಾಕು, ಸಿಗಲಿಲ್ಲ ಅಂದ್ರೆ ಅದು ನಿಮ್ಮ ಮಕ್ಕಳಿಗೂ ಹೋಗಲ್ಲ, ಮೊಮ್ಮಕ್ಕಳಿಗೂ ಹೋಗಲ್ಲ. ಅಮ್ಮಂದು ಗೊತ್ತಿಲ್ಲದೆ ನಿಮ್ಮದು ಮಾತ್ರ ‘ನೆಗೆಟಿವ್’ ಬಂದ್ರೆ, ಅದು ಬರಲಿಲ್ವೋ, ಅಥವಾ ಮನೇಲಿರೋ ದೋಷ ಈ ಟೆಸ್ಟಿಗೆ ಸಿಗೋದೇ ಇಲ್ವೋ, ಹೇಳೋಕಾಗಲ್ಲ. ಆನ್‌ಲೈನ್ ಕಿಟ್ ತರಿಸಿ ಎಂಜಲು ಕಳಿಸಿ ‘ಕ್ಲಿಯರ್’ ಅಂತ ತೋರಿಸ್ತಾರಲ್ಲ, ಅಂಥ ಕೆಲವು ಕಿಟ್‌ಗಳು ನೋಡೋದು ಬೆರಳೆಣಿಕೆಯಷ್ಟು ದೋಷಗಳನ್ನ, ಈ ಜೀನ್‌ಗಳಲ್ಲಿ ಆಗೋ ದೋಷಗಳು ಸಾವಿರಾರು.

ದೋಷ ಸಿಕ್ಕಿದ್ರೆ ಅದು ತೀರ್ಪಲ್ಲ. ಬಿಆರ್‌ಸಿಎ2 ದೋಷ ಇದ್ದೋರಿಗೆ 40ರಿಂದ ಪಿಎಸ್‌ಎ (ಪ್ರಾಸ್ಟೇಟಿಂದ ರಕ್ತಕ್ಕೆ ಬರೋ ಒಂದು ಪ್ರೋಟೀನ್) ನೋಡೋಕೆ ಶುರು ಮಾಡ್ತೀವಿ, ನಾನಂತೂ ವರ್ಷಕ್ಕೊಂದು ಸಲ ಅಂತೀನಿ, ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲೇ. ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಅಂತ ರಿಪೋರ್ಟಲ್ಲಿದ್ರೆ ಮಾತ್ರ ದಯವಿಟ್ಟು ಅದನ್ನ ಹಿಡ್ಕೊಂಡು ಯಾವ ತೀರ್ಮಾನವನ್ನೂ ಮಾಡಬೇಡಿ. ಮತ್ತೆ ನಿಮಗೆ ಮಗಳಿದ್ರೆ ಅವಳನ್ನ ಮರೀಬೇಡಿ, ನೀವು ಆರೋಗ್ಯವಾಗಿದ್ದೇ ಅವಳಿಗೆ ದಾಟಿಸಬಹುದು, ‘ಒಂದು ತಲೆಮಾರು ಬಿಟ್ಟು ಬರತ್ತೆ’ ಅನ್ನೋ ಕಥೆ ಹುಟ್ಟಿದ್ದು ಹೀಗೇ.

ಅಂದಹಾಗೆ, ‘ಚಿಕ್ಕಪ್ಪಂಗೆ ಇತ್ತು’ ಅಂತ ಬರೆಯೋರು ಯಾವ ಚಿಕ್ಕಪ್ಪ ಅಂತ ಬರೀರಪ್ಪ. ಅಪ್ಪನ ತಮ್ಮನಾದ್ರೆ ರಕ್ತಸಂಬಂಧ, ಚಿಕ್ಕಮ್ಮನ ಗಂಡ ಆದ್ರೆ ನಕ್ಷೆಗೆ ಬೇಕಿಲ್ಲ. ‘ಅತ್ತೆ’ ಕಥೆಯಂತೂ ಇನ್ನೂ ಗೋಜಲು.

ಪ್ರ: ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತೀನಿ, ಕ್ಯಾನ್ಸರಾ?

ಉ: ಬಹುಪಾಲು ವಯಸ್ಸಿಗೆ ಊದಿದ ಪ್ರಾಸ್ಟೇಟ್, ಇಲ್ಲಾ ಸಕ್ಕರೆ ಕಾಯಿಲೆ. ಡಾಕ್ಟರಿಗೆ ತೋರಿಸಿ, ನನಗೆ ಬರೀಬೇಡಿ.

ಪ್ರ: ಪಿಎಸ್‌ಎ ನಾರ್ಮಲ್ ಬಂತು. ಕೂದಲು ಉದುರೋದಕ್ಕೆ ಫಿನಾಸ್ಟರೈಡ್ ತಗೋತೀನಿ, ಪರವಾಗಿಲ್ವಾ?

ಉ: ಆ ಮಾತ್ರೆ ಪಿಎಸ್‌ಎನ ಸುಮಾರು ಅರ್ಧಕ್ಕೆ ಇಳಿಸತ್ತೆ. ನಿಮ್ಮ ‘ನಾರ್ಮಲ್’ ನಿಜವಾಗ್ಲೂ ನಾರ್ಮಲ್ಲಾ ಅಂತ ಲೆಕ್ಕ ಹಾಕಬೇಕು, ಡಾಕ್ಟರಿಗೆ ಮೊದಲೇ ಹೇಳಿ.

ಪ್ರ: ಜೀನ್ ಸರಿ ಮಾಡೋ ಪುಡಿ ಅಂತ ಒಬ್ರು ಕೊಡ್ತಿದಾರೆ, ಜೊತೆಗೆ ವಿಟಮಿನ್ ಇ.

ಉ: ಪುಡಿ ಚೆಲ್ಲಿ, ಆ ಮನುಷ್ಯನ್ನ ಬ್ಲಾಕ್ ಮಾಡಿ. ಇನ್ನು ವಿಟಮಿನ್ ಇ: ‘ಸೆಲೆಕ್ಟ್’ ಅನ್ನೋ ಪ್ರಯೋಗದಲ್ಲಿ 35,000ಕ್ಕೂ ಹೆಚ್ಚು ಗಂಡಸರನ್ನ ಗಮನಿಸಿದ್ರು, ವಿಟಮಿನ್ ಇ ಮಾತ್ರ ತಗೊಂಡೋರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿ ಅಂತ 2011ರಲ್ಲಿ ಗೊತ್ತಾಯ್ತು. ಕಮ್ಮಿ ಅಲ್ಲ, ಜಾಸ್ತಿ.

ಪ್ರ: ನನ್ನ ಗೆಡ್ಡೆಯ ರಿಪೋರ್ಟಲ್ಲಿ ಮ್ಯುಟೇಶನ್ ಇದೆ ಅಂತಿದೆ. ಮಗನಿಗೂ ಬರತ್ತಾ?

ಉ: ಗೆಡ್ಡೆಯಲ್ಲಿರೋ ಬಹಳಷ್ಟು ಬದಲಾವಣೆ ಗೆಡ್ಡೆಯಲ್ಲೇ ಹುಟ್ಟಿದ್ದು, ಅದು ವೀರ್ಯಕ್ಕೆ ಹೋಗಲ್ಲ, ಮಗನಿಗೆ ಬರಲ್ಲ. ಆದ್ರೆ ಸಿಕ್ಕಿದ್ದು ಬಿಆರ್‌ಸಿಎ2 ಆದ್ರೆ ಅದು ಹುಟ್ಟಿನಿಂದ ಬಂದಿರೋ ಸಾಧ್ಯತೆ ಇದೆ, ರಕ್ತದಲ್ಲೋ ಎಂಜಲಲ್ಲೋ ಇನ್ನೊಂದು ಟೆಸ್ಟ್ ಮಾಡಿಸಲೇಬೇಕು. ರಿಪೋರ್ಟಲ್ಲಿ ಸ್ಯಾಂಪಲ್ ಯಾವುದು ಅನ್ನೋ ಸಾಲು ಇರತ್ತೆ, ಮಗನಿಗೆ ಫೋನ್ ಮಾಡಿ ಹೆದರಿಸೋಕೆ ಮುಂಚೆ ಅದನ್ನ ಓದಿ.