ಸಿಸೇರಿಯನ್ ಆಗಿ ಎಂಟು ದಿನ, ಜ್ವರ ಬಿಡುತ್ತಿಲ್ಲ: ಸ್ಕ್ಯಾನಿಂಗ್ ಆದಮೇಲೂ ಸಿಟಿ ಬೇಕಾ?

ನೀವು ಕೇಳಿರುವುದು ಇಷ್ಟು: ಸಕಲೇಶಪುರದಲ್ಲಿ ಪತ್ನಿಗೆ ಸಿಸೇರಿಯನ್ ಆಗಿ ಎಂಟು ದಿನ. ಮೂರು ದಿನ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿದಿಲ್ಲ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಗರ್ಭಕೋಶದೊಳಗೆ ಗ್ಯಾಸ್, ಬ್ಲಾಡರ್ ಫ್ಲ್ಯಾಪ್ ಹೆಮಟೋಮಾ 3 ಸೆಂ.ಮೀ.' ಎಂದಿದೆ. ಹಾಸನಕ್ಕೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಬೇಕಾ? ಮಗುವಿಗೆ ಹಾಲು ಕೊಡಬಹುದಾ?

ಮಾಡಿಸಿ. ಆ ಎರಡು ಸಾಲು ನೋಡಿ ಗಾಬರಿಯಾಗಿ ಅಲ್ಲ, ಇಳಿಯದ ಜ್ವರಕ್ಕಾಗಿ.

ಆಪರೇಷನ್ನಿನಲ್ಲಿ ಒಳಹೊಕ್ಕ ಗಾಳಿ ಗರ್ಭಕೋಶದಲ್ಲಿ ಎರಡು ಮೂರು ವಾರ ಕಾಣಬಹುದು. ಅದೊಂದರಿಂದಲೇ ಸೋಂಕು ಅನ್ನಲಾಗದು. ಮೂತ್ರಕೋಶಕ್ಕೂ ಗರ್ಭಕೋಶದ ಹೊಲಿಗೆಗೂ ನಡುವೆ 4 ಸೆಂ.ಮೀ.ಗಿಂತ ಚಿಕ್ಕ ರಕ್ತಗಡ್ಡೆಯೂ (ರಿಪೋರ್ಟಿನ 'ಬ್ಲಾಡರ್ ಫ್ಲ್ಯಾಪ್ ಹೆಮಟೋಮಾ' ಇದೇ) ಎಷ್ಟೋ ಬಾಣಂತಿಯರಲ್ಲಿ ತಾನಾಗಿ ಕರಗುತ್ತದೆ. 5 ದಾಟಿದರೆ, ಅಥವಾ ಆ ಗಡ್ಡೆಯೊಳಗೇ ಗ್ಯಾಸ್ ಕಂಡರೆ, ಹೊಲಿಗೆ ಬಿಟ್ಟಿದೆಯೋ ಕೀವಾಗಿದೆಯೋ ಎಂಬ ಅನುಮಾನ. ಇದಕ್ಕಿಂತ ನನಗೆ ಹೆಚ್ಚು ಭಯ ಮೂತ್ರಕೋಶದ ಮುಂದೆ, ಹೊಟ್ಟೆಯ ಸ್ನಾಯುವಿನ ಹಿಂದೆ ಸೇರುವ ರಕ್ತದ್ದು. ಅಲ್ಲಿ ಜಾಗ ಧಾರಾಳ, ಹೊರಗೆ ಊತ ಕಾಣದೆಯೇ ಬಹಳ ರಕ್ತ ತುಂಬಿಕೊಳ್ಳುತ್ತದೆ. ಹಿಮೋಗ್ಲೋಬಿನ್ ಇಳಿಯುತ್ತಿದೆ, ನಾಡಿ ಏರುತ್ತಿದೆ ಅಂದರೆ ಹುಡುಕಬೇಕಾದ್ದು ಅಲ್ಲಿ. ಮನೆಯಲ್ಲಿ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರೆ ದಿನಕ್ಕೆರಡು ಸಲ ಬಿಚ್ಚಿ ನೋಡಿ. ಕೆಳಗೆ ಚರ್ಮ ನೀಲಿಗಟ್ಟಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಸಿಟಿಯಿಂದ ಮುಖ್ಯವಾಗಿ ಎರಡು ಪ್ರಶ್ನೆಗೆ ಉತ್ತರ ಬೇಕು: ಒಳಗೆ ಕೀವು ಇದೆಯೇ, ಅಂಡಾಶಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ. ಎರಡನೆಯದು ಹೆಚ್ಚಾಗಿ ಬಲಗಡೆ ಆಗುತ್ತದೆ, ನೋವು ಅಪೆಂಡಿಸೈಟಿಸ್‌ನಂತೆಯೇ ಇರುತ್ತದೆ. ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಲು ಚುಚ್ಚುವ ಔಷಧಿ) ಹಾಕಿ ಸುಮಾರು 70 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಆ ನಾಳ ಉಬ್ಬಿ, ಅಂಚು ಬೆಳ್ಳಗೆ, ನಡುವೆ ಕಪ್ಪಾಗಿ ಕಾಣುತ್ತದೆ. ಅದು ಕಿಬ್ಬೊಟ್ಟೆಯಿಂದ ಮೂತ್ರಪಿಂಡದ ಎತ್ತರದವರೆಗೂ ಹೋಗುವ ನಾಳ. ಹಾಗಾಗಿ ದುಡ್ಡು ಉಳಿಯಲೆಂದು 'ಕೆಳಹೊಟ್ಟೆಯದು ಮಾತ್ರ ಸಾಕು' ಅನ್ನಬೇಡಿ, ಪೂರ್ತಿ ಹೊಟ್ಟೆಯದನ್ನೇ ಮಾಡಿಸಿ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಇದು ತಪ್ಪಿಹೋಗಬಹುದು.

ಹೊರಡುವ ಮುಂಚೆ ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್, ಹಳೆಯ ಸ್ಕ್ಯಾನಿಂಗ್ ಚಿತ್ರಗಳು, ಆಪರೇಷನ್ ನೋಟ್ಸ್ ಇಟ್ಟುಕೊಳ್ಳಿ. ಅಲರ್ಜಿ, ಥೈರಾಯ್ಡ್ ಇದ್ದರೆ ಮೊದಲೇ ಹೇಳಿ. ಮೂತ್ರ ಸೋರುತ್ತಿದ್ದರೆ, ಒಂದೇ ಪಕ್ಕೆ ನೋಯುತ್ತಿದ್ದರೆ ಅದನ್ನೂ ತಿಳಿಸಿ. ಮೂತ್ರನಾಳಕ್ಕೆ ಪೆಟ್ಟಾಗಿದೆಯೇ ಎಂದು ನೋಡಲು ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು ತೆಗೆಯಬೇಕಾಗುತ್ತದೆ.

ಸಿಟಿಯಲ್ಲಿ ಗರ್ಭಕೋಶ ಕೊಯ್ದ ಗೆರೆ ಬಿರುಕಿನಂತೆ ಕಾಣುವುದು ಮೊದಲ ವಾರಗಳಲ್ಲಿ ಸಹಜ. ಅಷ್ಟಕ್ಕೇ 'ಹೊಲಿಗೆ ಬಿಟ್ಟಿದೆ' ಎಂದು ಬರೆದಿದ್ದರೆ, ಮತ್ತೆ ಹೊಟ್ಟೆ ತೆರೆಯಲು ಒಪ್ಪುವ ಮುಂಚೆ ಎಂಆರ್‌ಐ ಮಾಡಿಸಬಹುದೇ ಎಂದು ಕೇಳಿ. ಬಾಣಂತಿ ಸ್ಥಿರವಾಗಿದ್ದರೆ ಮಾತ್ರ. ಬಿಪಿ ಬೀಳುತ್ತಿರುವವರನ್ನು ಎಂಆರ್‌ಐ ಕೋಣೆಗೆ ಕಳಿಸಬಾರದು.

ಹಾಲು ನಿಲ್ಲಿಸಬೇಕಿಲ್ಲ. ಕಾಂಟ್ರಾಸ್ಟಿನ ಶೇ. 1ಕ್ಕಿಂತ ಕಡಿಮೆ ಹಾಲಿಗೆ ಬರುತ್ತದೆ, ಅದರಲ್ಲೂ ಶೇ. 1ರಷ್ಟು ಮಗುವಿನ ಕರುಳು ಹೀರಿದರೆ ಹೆಚ್ಚು. ಹಿಂಡಿ ಚೆಲ್ಲಿ ಎಂದು ಹಿರಿಯರು ಹೇಳಿದರೆ ಡಾಕ್ಟರಿಂದಲೇ ಅವರಿಗೆ ಹೇಳಿಸಿ.

ಒಂದೇ ಕಾಲು ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಇದ್ಯಾವುದಕ್ಕೂ ಕಾಯದೆ ರಾತ್ರಿಯಾದರೂ ಹೊರಡಿ. ಹಾಸನ ನಿಮಗೆ ಸುಮಾರು 40 ಕಿ.ಮೀ., 108ಕ್ಕೆ ಫೋನ್ ಮಾಡಿ.