ನೆಂಟರನ್ನು ಮಂಗಳೂರಿಗಲ್ಲ, ಚಂದ್ರಗಿರಿಯ ಆಚೆಗೆ ಕರೆದೊಯ್ಯಿರಿ

ನೀರ್ಚಾಲಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಮೇ ತಿಂಗಳ ಒಂದು ಶನಿವಾರ, ಭಾನುವಾರಕ್ಕೆ ಮಗಳ ಅತ್ತೆ, ಮಾವ, ಅಳಿಯ ಮತ್ತು ಅಳಿಯನ ತಮ್ಮ ಧಾರವಾಡದಿಂದ ಬರುತ್ತಿದ್ದಾರೆ. ಕಳೆದ ಸಲ ಎರಡು ದಿನವೂ ಅವರನ್ನು ಮಂಗಳೂರಿಗೆ ಕರೆದೊಯ್ದು ತಿನ್ನಿಸಿದ್ದಾಯಿತು. ಹೊರಡುವಾಗ ಬೀಗರು “ನಿಮ್ಮೂರಿನದು ಏನೂ ಉಣ್ಣಲೇ ಇಲ್ಲ” ಅಂದರಂತೆ. ಬೀಗಿತ್ತಿಯದು ಶುದ್ಧ ಸಸ್ಯಾಹಾರ. ಅಣ್ಣ ತಮ್ಮಂದಿರಿಗೆ ಮೀನು ಬೇಕು, ಆದರೆ ಪತ್ರದವರ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಇಪ್ಪತ್ತೆರಡು ವಯಸ್ಸಿನ ತಮ್ಮನಿಗೆ ಕಳ್ಳು ಕುಡಿದು ನೋಡುವ ಆಸೆ. ರಜೆ ಹೊಂದದಿದ್ದರೆ ಜೂನ್ ಕೊನೆಗೆ ಬರುತ್ತಾರಂತೆ. “ಎಲ್ಲಿಗೆ ಕರಕೊಂಡು ಹೋಗಲಿ, ಕಾಸರಗೋಡಿನಲ್ಲಿ ತಿನ್ನಲಿಕ್ಕೆ ಏನಿದೆ?” ಎಂದು ಕೇಳಿದ್ದಾರೆ.

ನಿಮ್ಮ ಕೊನೆಯ ಪ್ರಶ್ನೆ ನನಗೆ ನೋವು ಕೊಟ್ಟಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವುಳಿಗೆ ಉತ್ತರದ ಬಸ್ಸನ್ನೇ ಹತ್ತುತ್ತ ಬಂದವರು. ಅದಕ್ಕೆ ಕಾರಣಗಳಿದ್ದವು, ಈಗಲೂ ಇವೆ. ಆದರೆ ನೆಂಟರಿಗೆ ಉಣಿಸಲಿಕ್ಕೂ ಗಡಿಯ ತಲಪಾಡಿ ದಾಟಬೇಕು ಎನ್ನುವುದು ಬರೇ ಅಭ್ಯಾಸ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಒಂದು ಹೊತ್ತಿನ ಊಟವನ್ನೂ ಮಾಡದ ಕನ್ನಡದ ಮನೆಗಳು ನಮ್ಮ ಬದಿಯಡ್ಕ, ಕುಂಬಳೆ ಕಡೆ ಎಷ್ಟೋ ಇವೆ. ನನ್ನ ಸಲಹೆ ಇಷ್ಟೆ: ಶನಿವಾರ ನಿಮ್ಮ ಮನೆಯ ರುಚಿ ಆಗಲಿ, ಭಾನುವಾರ ಹೊಳೆಯಾಚೆಯ ಮಲಯಾಳಿ ನೆರೆಯವರದು ಆಗಲಿ.

ಶನಿವಾರ ಬೆಳಿಗ್ಗೆ ಹೋಟೆಲಿನ ಯೋಚನೆಯೇ ಬೇಡ. ಮೇ ಅಂದರೆ ಹಲಸು. ಹಣ್ಣಿನ ತೊಳೆಯನ್ನು ನೆನೆಸಿದ ಅಕ್ಕಿಯ ಜೊತೆ ತರಿಯಾಗಿ ಕಡೆದು, ಬೆಲ್ಲ, ತೆಂಗಿನಕಾಯಿ ತುರಿ ಸೇರಿಸಿ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕೊಟ್ಟಿಗೆಯನ್ನು ಬಿಸಿಬಿಸಿ ಬಿಡಿಸಿ ತುಪ್ಪ ಹಾಕಿ ಕೊಡಿ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಇದು ಪೂರ್ತಿ ಹೊಸದು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಒಂದು ತಂಬುಳಿ, ಕಾಟುಮಾವಿನಹಣ್ಣಿಗೆ (ಕಾಡುಮಾವಿಗೆ) ಕಾಯಿ, ಸಾಸಿವೆ ಕಡೆದು ಹಾಕಿದ ಸಾಸಮೆ, ಹಲಸಿನ ಹಪ್ಪಳ ಸಾಕು. ಕುಚ್ಚಲಕ್ಕಿ ಅಭ್ಯಾಸವಿಲ್ಲದವರಿಗೆ ಭಾರವೆನಿಸುವುದುಂಟು, ಆದ್ದರಿಂದ ಸ್ವಲ್ಪ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನೂ ಮಾಡಿಡಿ. ಕುಡಿಯಲು ಪುನರ್ಪುಳಿ ಶರಬತ್ತು. ಅದು ಹಣ್ಣಾಗುವ ಕಾಲವೂ ಇದೇ.

ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮಧೂರಿಗೆ ಹೋಗಿ ಬನ್ನಿ. ದೇವಸ್ಥಾನದ ಮೂಲದೇವರು ಶಿವನಾದರೂ ಜನ ಬರುವುದು ಗಣಪತಿಗೆ, ಗಣಪತಿಯ ಅಪ್ಪಕ್ಕೆ. ಅಕ್ಕಿ, ಬೆಲ್ಲದ ಈ ಪ್ರಸಾದವನ್ನು ಕೈಯಲ್ಲಿ ಕೊಟ್ಟು, ಮೂಡಪ್ಪ ಸೇವೆಯ ಕಥೆಯನ್ನೂ ಬೀಗರಿಗೆ ಹೇಳಿ: ಗಣಪತಿಯ ಮೂರ್ತಿಯನ್ನೇ ಮುಚ್ಚುವಷ್ಟು ಅಪ್ಪ ಪೇರಿಸುವ ಸೇವೆ ಅದು. 1992ರಲ್ಲಿ ಆದದ್ದು ಮತ್ತೆ ನಡೆಯಲು 2025ರ ತನಕ ಕಾಯಬೇಕಾಯಿತು. ಸಂಜೆ ಪೇಟೆಯ ಹಳೆ ಬಸ್‌ಸ್ಟ್ಯಾಂಡ್ ಕಡೆ ನಡೆದರೆ ಲಿಂಬೆ ಹಿಂಡಿದ ಸುಲೈಮಾನಿ ಚಹಾ, ಬಾಳೆಹಣ್ಣಿನ ಪೋಡಿ, ಬಾಳೆಹಣ್ಣಿನೊಳಗೆ ಹೂರಣ ತುಂಬಿ ಕರಿದ ಉನ್ನಕಾಯಿ ಸಿಗುತ್ತವೆ. ಉನ್ನಕಾಯಿಯ ಹೂರಣಕ್ಕೆ ಮೊಟ್ಟೆ ಹಾಕುವವರಿದ್ದಾರೆ. ಬೀಗಿತ್ತಿಗೆ ಕೊಡಿಸುವ ಮುಂಚೆ ಕೇಳಿ.

ಭಾನುವಾರ ಬೇಗ ಹೊರಟು ಚಂದ್ರಗಿರಿ ಸೇತುವೆ ದಾಟಿ. ಬೇಕಲ ಕೋಟೆಯನ್ನು ಬಿಸಿಲೇರುವ ಮುಂಚೆ ನೋಡಿ ಮುಗಿಸಿ. ಕೆಳದಿಯ ಶಿವಪ್ಪ ನಾಯಕನ ಹೆಸರು ಹೇಳಿದರೆ ಧಾರವಾಡದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿಂದ ಮುಂದೆ ಚೆರ್ವತ್ತೂರು, ಪಡನ್ನ. ಅಣ್ಣ ತಮ್ಮಂದಿರಿಗೆ ನಾನು ತೋರಿಸಬೇಕೆನ್ನುವುದು ಈ ಜಾಗವನ್ನೇ.

ಪಡನ್ನದ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯ ಎಂಬ ಚಿಪ್ಪುಜೀವಿಯನ್ನು ಕೃಷಿ ಮಾಡುತ್ತಾರೆ. ಮಳೆ ನಿಂತು ನೀರು ಉಪ್ಪಾದ ಮೇಲೆ, ನವೆಂಬರ್, ಡಿಸೆಂಬರ್ ಹೊತ್ತಿಗೆ, ಸಮುದ್ರದ ಬಂಡೆಗಳಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ಬಲೆಬಟ್ಟೆ ಸುತ್ತಿ ಹೊಲಿಯುತ್ತಾರೆ. ನೀರಲ್ಲಿ ನಿಲ್ಲಿಸಿದ ಬಿದಿರಿನ ಚಪ್ಪರದಿಂದ ಆ ಹಗ್ಗಗಳನ್ನು ಇಳಿಬಿಡುತ್ತಾರೆ. ಬಟ್ಟೆ ಕೊಳೆತುಹೋಗುವಷ್ಟರಲ್ಲಿ ಮರಿಗಳು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮಳೆ ಬಿದ್ದು ನೀರು ಸಿಹಿಯಾದರೆ ಎಲ್ಲ ಸಾಯುತ್ತವೆ, ಹಾಗಾಗಿ ಏಪ್ರಿಲ್, ಮೇಯಲ್ಲಿ ಕೊಯ್ಲು. 1990ರ ದಶಕದಲ್ಲಿ ಶುರುವಾದ ಈ ಕೆಲಸದಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳದ್ದೇ ದೊಡ್ಡ ಪಾಲು. ಕೊಯ್ಲಿನ ಕಾಲದಲ್ಲಿ ದಂಡೆಯಲ್ಲಿ ನಿಂತು ಚಿಪ್ಪಿನ ರಾಶಿ ನೋಡಿ, ಆಮೇಲೆ ಹತ್ತಿರದ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಅರಿಕ್ಕಡುಕ್ಕ ಇದೆಯೇ ಎಂದು ವಿಚಾರಿಸಿ. ಕುಚ್ಚಲಕ್ಕಿ, ತೆಂಗಿನಕಾಯಿ, ಸಣ್ಣ ನೀರುಳ್ಳಿ, ಬಡೆಸೋಂಪು ಕಡೆದ ಹಿಟ್ಟನ್ನು ಚಿಪ್ಪು ಬಿಡಿಸಿ ಒಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು, ಮೆಣಸಿನಪುಡಿ ಹಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ಬಾಯಿಗಿಟ್ಟ ಕೂಡಲೇ ಮೊದಲು ಅಕ್ಕಿಯ ರುಚಿ, ಹಿಂದೆಯೇ ಸಮುದ್ರದ್ದು. ಅದರ ಜೊತೆ ಬೇರೇನೂ ಬೇಡ.

ಬೀಗಿತ್ತಿಯನ್ನು ಈ ಹೊತ್ತಿನಲ್ಲಿ ಕಾರಿನಲ್ಲಿ ಕೂರಿಸಿ ಕಾಯಿಸಬೇಡಿ. ಹಿರಿಯರಿಬ್ಬರನ್ನೂ ಹೋಗುವಾಗಲೇ ಕಾಞಂಗಾಡಿನ ಆನಂದಾಶ್ರಮದಲ್ಲಿ ಇಳಿಸಿ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆಶ್ರಮ; ಭಜನೆ ಇದೆ, ಮರಗಳ ನೆರಳಿದೆ, ಸರಳ ಸಸ್ಯಾಹಾರದ ಊಟವಿದೆ. ಇಷ್ಟು ಜನ ಬರುತ್ತೇವೆ ಎಂದು ಮೊದಲೇ ತಿಳಿಸುವುದು ಮರ್ಯಾದೆ.

ಇನ್ನು ಕುಡಿಯುವ ವಿಷಯ. ಕಳ್ಳಿನಂಗಡಿಗೆ ಹೋಗುವುದು ನಾಚಿಕೆಯ ಕೆಲಸವೆಂದು ನಾನು ಎಣಿಸುವುದಿಲ್ಲ. ಅಲ್ಲಿನ ಮರಗೆಣಸು ಮತ್ತು ಖಾರದ ಮೀನಿನ ಗಸಿ ಈ ನಾಡಿನ ಒಳ್ಳೆಯ ಊಟಗಳಲ್ಲಿ ಒಂದು. ಅಳಿಯ ಹೋಗಲಿ. ತಮ್ಮನಿಗೆ ಮಾತ್ರ ಆಗುವುದಿಲ್ಲ: ಕೇರಳದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 23, ಕಾನೂನಿನ ಲೆಕ್ಕದಲ್ಲಿ ಕಳ್ಳೂ ಮದ್ಯವೇ. ಬೇಸರಪಡಬೇಡ ಅನ್ನಿ, ಅವನಿಗೆ ಅದೇ ತೆಂಗಿನ ಸಿಹಿ ಇದೆ. ಕೂಡ್ಲಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು. ಅಲ್ಲಿಯವರು ಹೊಂಬಾಳೆಯ ರಸ ಹುಳಿಯದಂತೆ ಹಿಡಿಯುವ ದಾರಿ ಕಂಡುಕೊಂಡಿದ್ದಾರೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಯ ತುದಿಗೇ ಜೋಡಿಸುವುದರಿಂದ ತೊಟ್ಟಿಕ್ಕಿದ ರಸ ತಣ್ಣಗೇ ಉಳಿಯುತ್ತದೆ, ಹುಳಿಯದಿರಲೆಂದು ಮಡಕೆಗೆ ಸುಣ್ಣ ಹಚ್ಚಬೇಕಾಗಿಲ್ಲ. ಕಲ್ಪರಸ ಎಂದು ಹೆಸರಿಟ್ಟಿರುವ ಅದು ಜೇನಿನ ಬಣ್ಣದ್ದು, ಅಮಲಿಲ್ಲದ್ದು. ಬೀಗಿತ್ತಿಯೂ ಕುಡಿಯಬಹುದು. ಎಂದು, ಎಲ್ಲಿ ಸಿಗುತ್ತದೆ ಎಂದು ಶುಕ್ರವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಅಳಿಯ ಬರುವ ದಾರಿಯಲ್ಲಿ ಕರ್ನಾಟಕದಿಂದ ಬಾಟಲಿ ತರುವ ಯೋಚನೆಯಲ್ಲಿದ್ದರೆ ಈಗಲೇ ಬೇಡವೆನ್ನಿ. ಅಲ್ಲಿ ಮಾರಲೆಂದು ಸುಂಕ ಕಟ್ಟಿದ ಮದ್ಯವನ್ನು ಇಲ್ಲಿಗೆ ತರುವುದು ಅಪರಾಧ, ಮಂಜೇಶ್ವರದ ಕಡೆ ತಪಾಸಣೆ ಇರುತ್ತದೆ. ತಿಂಗಳ ಒಂದನೇ ತಾರೀಖು ಶನಿವಾರವೋ ಭಾನುವಾರವೋ ಬಿದ್ದರೆ ಆ ದಿನ ಇಲ್ಲಿನ ಮದ್ಯದಂಗಡಿಗಳೂ ಮುಚ್ಚಿರುತ್ತವೆ.

ಜೂನ್ ಕೊನೆಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಕೇರಳದಲ್ಲಿ ಟ್ರಾಲಿಂಗ್ (ಯಂತ್ರದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಸಣ್ಣ ದೋಣಿಯವರು ತಂದಷ್ಟೇ ಮೀನು, ಬೆಲೆಯೂ ಏರಿರುತ್ತದೆ. ಪಡನ್ನದ ಚಪ್ಪರಗಳು ಅಷ್ಟು ಹೊತ್ತಿಗೆ ಬರಿದಾಗಿರುತ್ತವೆ, ಹಲಸು ಮಳೆನೀರು ಕುಡಿದು ಸಪ್ಪೆಯಾಗಿರುತ್ತದೆ. ಅಳಿಯನಿಗೆ ಇವತ್ತೇ ಫೋನ್ ಮಾಡಿ, ಮೇ ತಿಂಗಳಲ್ಲೇ ರಜೆ ಹಾಕಲು ಹೇಳಿ.

— ಸಂಪಾದಕ